ಯಂತ್ರಕ್ಕೆ ಬಿಸಿಲು ಕಲಿಸಿದ ಮಾಳವ್ವ

ಮುಂಜಾನೆ ಐದೂವರೆ. ತಾರಿಹಾಳದ ಕಾರ್ಖಾನೆಗಳ ಸಾಲಿನಲ್ಲಿ ಇನ್ನೂ ಒಂದು ಲಾರಿಯೂ ಕೆಮ್ಮಿಲ್ಲ. ತಗಡಿನ ಮಾಡಿನ ಸಣ್ಣದೊಂದು ಶೆಡ್ಡಿನ ಬೀಗ ತೆಗೆದು ಒಳಗೆ ಬರುವ ಮಾಳವ್ವ ಎಲ್ಲರಂತೆ ಕಿಟಕಿ ತೆರೆಯುವುದಿಲ್ಲ, ತೆರೆದಿದ್ದರೆ ಮುಚ್ಚುತ್ತಾರೆ. ಗಾಳಿ ಆಡಬಾರದು. ಬಾಯಿ ಮುಕ್ಕಳಿಸಿ, ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡು, ಗೋಡೆಯುದ್ದಕ್ಕೂ ಹಲಗೆಯ ಮೇಲೆ ಕೂತಿರುವ ಮೂವತ್ತಾರು ಸ್ಟೀಲ್ ಡಬ್ಬಿಗಳ ಮುಂದೆ ನಿಲ್ಲುತ್ತಾರೆ. ಮೊದಲ ಡಬ್ಬಿಯ ಬಾಯಿಗೆ ಸುತ್ತಿದ ಅಂಟುಪಟ್ಟಿ ಬಿಚ್ಚಿ, ಒಂದು ಜೋಳದ ಕಾಳು ತೆಗೆದು, ಬಲಗಡೆಯ ದವಡೆಗೆ ಇಟ್ಟು ಕಣ್ಣು ಮುಚ್ಚುತ್ತಾರೆ.

ಕಟ್.

"ಇದು ಒಣಗೇತಿ. ಬಿಸಲ ಬೇಕಾಗಿಲ್ಲ."

ಎರಡನೆಯ ಡಬ್ಬಿಯ ಕಾಳು ಕಚ್ ಎನ್ನುತ್ತದೆ. "ಇದಕ್ಕ ಒಂದ ಬಿಸಲು." ಮೂರನೆಯದು ಸದ್ದನ್ನೇ ಮಾಡುವುದಿಲ್ಲ, ಹಲ್ಲಿನಡಿ ಸುಮ್ಮನೆ ಚಪ್ಪಟೆಯಾಗುತ್ತದೆ. "ಇದಕ್ಕ ಮೂರ ಬಿಸಲಾದ್ರೂ ಬೇಕು. ಹಸೇ ಕೂಸು ಇದು."

ಡಬ್ಬಿಗೆ ಮೂರರಂತೆ ದಿನಕ್ಕೆ ನೂರಾ ಎಂಟು ಕಾಳು. ಎಲ್ಲವೂ ಬಲದವಡೆಗೇ. "ಬಲಗಡೆ ಹಲ್ಲು ಮಾಲಕರದ್ರಿ. ಎಡಗಡೀದು ನಂದು, ರೊಟ್ಟಿ ತಿನ್ನಾಕ," ಎಂದು ಐವತ್ತೆರಡರ ಮಾಳವ್ವ ನಗುತ್ತಾರೆ. ಒಂಬತ್ತು ಗಂಟೆಗೆ ತಗಡು ಕಾಯುವುದಕ್ಕೆ ಮುಂಚೆ ಈ ಕೆಲಸ ಮುಗಿಯಬೇಕು. ತಗಡು ಕಾದರೆ ಡಬ್ಬಿ ಕಾಯುತ್ತದೆ, ಡಬ್ಬಿ ಕಾದರೆ ಒಳಗಿನ ನೀರು ಕಾಳು ಬಿಟ್ಟು ಮುಚ್ಚಳಕ್ಕೆ ಹತ್ತುತ್ತದೆ.

ಈ ಶೆಡ್ಡಿನಲ್ಲಿ ತಯಾರಾಗುವುದು ಕಾಳಿನ ತೇವ ಅಳೆಯುವ ಯಂತ್ರ. ಊಟದ ಡಬ್ಬಿಯಷ್ಟೇ ಇದೆ. ತಲೆಯ ಮೇಲೊಂದು ಬಟ್ಟಲು, ಮುಂದೆ ಕೆಂಪು ಅಂಕಿ ಮೂಡುವ ಕಿಂಡಿ, ಕೆಳಗೆ ನಾಲ್ಕು ಗುಂಡಿ. ಬಟ್ಟಲಿಗೆ ಕಾಳು ಸುರಿದು ಗುಂಡಿ ಒತ್ತಿದರೆ ನೂರರಲ್ಲಿ ಎಷ್ಟು ಪಾಲು ನೀರು ಎಂದು ಹೇಳುತ್ತದೆ. ಕಾಳಿನ ಅಂಗಡಿಗಳಲ್ಲಿ ಅದು ತಕ್ಕಡಿಯ ಪಕ್ಕ ಸುಮ್ಮನೆ ಕೂತಿರುತ್ತದೆ. ಅದರ ಅಂಕಿ ಏರಿದಷ್ಟೂ ರೈತನಿಗೆ ಸಿಗುವ ಬೆಲೆ ಇಳಿಯುತ್ತದೆ. ಅದರೊಳಗೊಂದು ಕಂಪ್ಯೂಟರ್ ಇದೆ ಎಂದರೆ ವ್ಯಾಪಾರಿಗಳೇ ನಂಬುವುದಿಲ್ಲ, ಟಿ.ವಿ.ಯಂಥ ಮುಖವಿಲ್ಲದ್ದು ಎಂಥ ಕಂಪ್ಯೂಟರ್? ಆದರೆ ಮುಚ್ಚಳ ಬಿಚ್ಚಿದರೆ ಹಸಿರು ಹಲಗೆಯ ನಡುವೆ ಅದು ಕಾಣುತ್ತದೆ: ಹೆಬ್ಬೆರಳಿನಷ್ಟು ಉದ್ದದ ಕರಿಯ ಚಿಪ್ಪು, ಎರಡೂ ಬದಿಗೆ ಜರಿಹುಳದಂತೆ ಕಾಲು. ಮಾಳವ್ವ ಅದನ್ನು "ಹುಳ" ಎಂದೇ ಕರೆಯುತ್ತಾರೆ. ಏಳು ಸಮುದ್ರದಾಚೆ, ಏಳು ಕೋಟೆಯೊಳಗೆ, ಪಂಜರದ ಗಿಳಿಯಲ್ಲಿ ರಾಕ್ಷಸನ ಜೀವವಿತ್ತು ಎಂಬ ಕತೆ ಕೇಳಿ ಬೆಳೆದವರಿಗೆ, ಜೀವವೊಂದು ಕಡೆ ಮೈಯೊಂದು ಕಡೆ ಇರುವುದು ದೊಡ್ಡ ಸೋಜಿಗವೇನಲ್ಲ.

ಸೋಜಿಗ ಬೇರೆಯದೇ ಇದೆ. ಆ ಹುಳ ಹುಟ್ಟುವಾಗ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಜೋಳ ಯಾವುದು, ಕಡಲೆ ಯಾವುದು, ಕಾಳಿನೊಳಗಿಂದ ಬರುವ ಯಾವ ವಿದ್ಯುತ್ ಮಿಡಿತಕ್ಕೆ ಎಷ್ಟು ತೇವ ಎಂದು ಯಾರೋ ಅದಕ್ಕೆ ಕಲಿಸಬೇಕು. ಕಲಿಸಲು ಬೇರೆ ಬೇರೆ ಹದದ ಕಾಳು ಬೇಕು. ಆ ಹದ ಮಾಡುವವರು ಮಾಳವ್ವ. ಕಾಳಿಗೆ ಅಂಗೈಯಿಂದ ನೀರು ಚಿಮುಕಿಸಿ, ಡಬ್ಬಿಗೆ ತುಂಬಿ, ಬಾಯಿ ಕಟ್ಟಿ, ದಿನಕ್ಕೆರಡು ಸಲ ತಲೆಕೆಳಗು ಮಾಡುತ್ತ ಐದು ದಿನ ಕಾಯುತ್ತಾರೆ. "ಮೊದಲನೇ ದಿನಾ ನೀರು ಮೈಮ್ಯಾಲ ಇರ್ತೈತ್ರಿ. ಐದನೇ ದಿನಕ್ಕ ಮನಸಿನ್ಯಾಗ ಇಳೀತೈತಿ," ಎನ್ನುತ್ತಾರೆ. ಇಳಿಯಿತೋ ಇಲ್ಲವೋ ಹೇಳುವುದು ಹಲ್ಲು. ಹಲ್ಲು ಹೂಂ ಎಂದ ಡಬ್ಬಿಗಳ ಕಾಳನ್ನಷ್ಟೇ ಪುಡಿ ಮಾಡಿ ತೂಗಿ, ವಿದ್ಯುತ್ ಒಲೆಯಲ್ಲಿ ಒಣಗಿಸಿ, ಮತ್ತೆ ತೂಗುತ್ತಾರೆ. ಕಳೆದುಹೋದ ತೂಕವೇ ನೀರು. ಕೊನೆಯ ಮಾತು ಒಲೆಯದು. ಆದರೆ ಒಲೆ ಒಮ್ಮೆಗೆ ಆರು ತಟ್ಟೆ ಮಾತ್ರ ಹಿಡಿಯುತ್ತದೆ. ಮೂವತ್ತಾರರಲ್ಲಿ ಆ ಆರು ಯಾವುವು ಎಂದು ಆರಿಸಬೇಕಲ್ಲ.

ಮಾಳವ್ವ ಹದಿನಾಲ್ಕು ವರ್ಷ ಅಮರಗೋಳದ ಮಾರುಕಟ್ಟೆಯಲ್ಲಿ ಕಾಳು ಹಸನು ಮಾಡಿದವರು. ಅಲ್ಲಿ ಹೆಂಗಸರು ಕಾಳನ್ನು ಕಚ್ಚಿ ನೋಡಿಯೇ ಅದರ ಹದ ಹೇಳುವುದು. ಶೇಕಡ ಗಿಕಡ ಯಾರಿಗೂ ಗೊತ್ತಿಲ್ಲ. ಅಂಗಳದಲ್ಲಿ ಎಷ್ಟು ದಿನ ಹರವಿದರೆ ಒಣಗುತ್ತದೆಯೋ ಅಷ್ಟು ಬಿಸಿಲು. ಒಂದು ಬಿಸಿಲಿನ ಕಾಳು, ಎರಡು ಬಿಸಿಲಿನ ಕಾಳು. ಕೇರಿದ ಧೂಳು ಎದೆಗೆ ಕೂತು ಕೆಮ್ಮು ಹಿಡಿದಾಗ, ಧೂಳು ಬಿಡದಿದ್ದರೆ ಔಷಧಿ ದಂಡ ಎಂದರು ಡಾಕ್ಟರು. 1997ರಲ್ಲಿ ಈ ಶೆಡ್ಡಿಗೆ ಬಂದರೆ ಇಲ್ಲಿ ಸಿಕ್ಕಿದ್ದು ಕಸಬರಿಗೆ. ಇಲ್ಲೂ ಧೂಳೇ.

ಕಸಬರಿಗೆ ಬಿಟ್ಟಿದ್ದು ಒಂದು ದಿನ ಆಡಿದ ಮಾತಿನಿಂದ. ಆಗಷ್ಟೇ ಕೆಲಸಕ್ಕೆ ಸೇರಿದ ಎಂಜಿನಿಯರ್ ಸೌಂದರ್ಯಾ ಮೇಜಿನ ಮೇಲೆ ಗೋದಿ ಹರವಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದರು. ಗುಡಿಸುತ್ತಿದ್ದ ಮಾಳವ್ವ ರೂಢಿಯಂತೆ ಒಂದು ಕಾಳು ಬಾಯಿಗೆ ಹಾಕಿದರು.

"ಅಕ್ಕಾರ, ಈ ಎರಡೂ ಒಂದ ಅಲ್ರಿ. ಇದಕ್ಕ ಎರಡ ಬಿಸಲ ಬೇಕು, ಅದಕ್ಕ ಅರ್ಧಾ."

"ಒಂದು ಬಿಸಲು ಅಂದ್ರ ಎಷ್ಟು ಪರ್ಸೆಂಟ್, ಮಾಳವ್ವಾ?"

"ಅದು ನನಗ ಗೊತ್ತಿಲ್ರಿ. ನಿಮ್ಮ ಪರ್ಸೆಂಟ್ ಅಂದ್ರ ಎಷ್ಟ ಬಿಸಲು?"

ಒಲೆಯಲ್ಲಿಟ್ಟು ನೋಡಿದರೆ ಮಾಳವ್ವ ಹೇಳಿದಂತೆಯೇ ಇತ್ತು. ಅವತ್ತೇ ಸೌಂದರ್ಯಾ ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಂಬ ಗೆರೆ ಎಳೆದರು. ಒಂದು ಕಡೆ ಬಿಸಿಲು, ಇನ್ನೊಂದು ಕಡೆ ಶೇಕಡ. ಜೋಳಕ್ಕೆ ಒಂದು ಬಿಸಿಲೆಂದರೆ ಒಂದೂವರೆ, ಗೋದಿಗೆ ಅದಕ್ಕಿಂತ ತುಸು ಕಡಿಮೆ. ಆ ಪುಸ್ತಕ ಈಗಲೂ ಸಪ್ತಾಪುರದ ಅವರ ಬಾಡಿಗೆ ಕೋಣೆಗೂ ಶೆಡ್ಡಿಗೂ ಸ್ಕೂಟಿಯ ಡಿಕ್ಕಿಯಲ್ಲಿ ದಿನಾ ಓಡಾಡುತ್ತದೆ.

ಮಾದರಿ ಕಾಳು ತರಲು ಮಂಗಳವಾರ ಅಮರಗೋಳಕ್ಕೆ ಹೋದರೆ ಹಳೆಯ ಜೊತೆಗಾರ್ತಿ ಉಡಚವ್ವ ಸುಮ್ಮನೆ ಬಿಡುವುದಿಲ್ಲ. "ಏನಬೇ ಮಾಳಿ, ಹಲ್ಲಿಗೆ ಪಗಾರ ಕೊಡ್ತಾರಂತ?"

"ಹೂಂ ಅವಾ. ನಾಲಿಗಿಗೂ ಕೊಡಂಗಿದ್ರ ನಿನ್ನ ಕರಕೊಂಡ ಹೋಗತಿದ್ನಿ."

ಹೀಗೆ ಐದು ವರ್ಷ ನಡೆದ ಸಂಸಾರಕ್ಕೆ ಹೋದ ವರ್ಷ ಮೇ ತಿಂಗಳಲ್ಲಿ ಕುತ್ತು ಬಂತು. ನವಲಗುಂದ ಕಡೆಯ ಹಳ್ಳಿಯೊಂದರ ಕಾಳಿನ ವ್ಯಾಪಾರಿ ನೀಲಕಂಠಪ್ಪ, ತಾವು ಕೊಂಡಿದ್ದ ಯಂತ್ರವನ್ನು ಅರಿವೆಯ ಚೀಲದಲ್ಲಿ ಹಾಕಿಕೊಂಡು, ಇನ್ನೊಂದು ಗಂಟಿನಲ್ಲಿ ಎರಡು ಸೇರು ಜೋಳ ಕಟ್ಟಿಕೊಂಡು ಶೆಡ್ಡಿಗೆ ಬಂದರು. ಕೂರಿ ಎಂದರೂ ಕೂರಲಿಲ್ಲ.

"ಮುಂಜಾನೆ ಈ ಜೋಳಾ ಹದಿನೈದು ಅಂತೈತಿ. ಮಧ್ಯಾಹ್ನ ಅದ ಚೀಲಾ ಹದಿಮೂರಕ್ಕ ಇಳೀತೈತಿ. ಮುಂಜಾನೆ ರೈತಗ ಮೋಸ, ಮಧ್ಯಾಹ್ನ ನನಗ ಮೋಸ. ಇದು ಯಂತ್ರಲ್ರೀ, ನಮ್ಮ ಬೀಗರ ಬಾಯಿ!"

ಮಾಲೀಕ ಶಂಭುಲಿಂಗ ಅಲ್ಲೇ ಜೋಳ ಸುರಿದು ಗುಂಡಿ ಒತ್ತಿದರು. ಹನ್ನೆರಡು ಪಾಯಿಂಟ್ ಎಂಟು. ಮಾಳವ್ವ ಕಚ್ಚಿದರು, ಕಟ್. ಮರುದಿನ ಒಲೆಯೂ ಹೆಚ್ಚುಕಮ್ಮಿ ಅಷ್ಟೇ ಹೇಳಿತು. ಮೂವರೂ ಒಂದೇ ಮಾತು. ಆದರೆ ನೀಲಕಂಠಪ್ಪನವರೂ ಸುಳ್ಳಾಡುವ ಮನುಷ್ಯರಲ್ಲ. ಅವರ ಸುತ್ತಿನ ಊರುಗಳಿಂದಲೂ ಅದೇ ದೂರು ಬರತೊಡಗಿತು. ಶಂಭುಲಿಂಗ ಯೋಚಿಸಿ ಯೋಚಿಸಿ ಕೊನೆಗೆ ಡಬ್ಬಿಗಳತ್ತ ನೋಡಿದರು. ನಳದ ನೀರು ಚಿಮುಕಿಸಿ ಮಾಡಿದ ಹದ ಹೊಲದ ಹದಕ್ಕೆ ಸಮವೇ? ಯಾವ ಕಾಳಿನ ಯಾವ ಮಿಡಿತಕ್ಕೆ ಎಷ್ಟು ತೇವ ಎಂಬ ಸಿದ್ಧ ಪಟ್ಟಿಯನ್ನು ಪುಣೆಯ ಕಂಪನಿಯೊಂದು ಮಾರುತ್ತದೆ. ಅದನ್ನೇ ಹುಳಕ್ಕೆ ತುಂಬಿದರೆ ಡಬ್ಬಿಯ ಉಸಾಬರಿಯೇ ಇರದು.

"ಶನಿವಾರದ ತನಕಾ ನೋಡೂಣು ಮಾಳವ್ವಾ," ಎಂದರು. "ಇಲ್ಲಂದ್ರ ಡಬ್ಬಿ ಬಂದ್. ನೀವು ಮೊದಲಿನಗತೆ ಗುಡಿಸಾಕ ಬರ್ರಿ. ಕೆಲಸಂತೂ ಇರ್ತೈತಿ."

ಕೆಲಸ ಇರುತ್ತದೆ, ಜೊತೆಗೆ ಧೂಳೂ ಇರುತ್ತದೆ. ರೊಟ್ಟಿ ಬಡಿಯುವಾಗಲೂ ಮಾಳವ್ವನಿಗೆ ಅದೇ ಚಿಂತೆ: ಸುಳ್ಳು ಯಾರದು? ಹಲ್ಲಿನದೋ, ಹುಳದ್ದೋ, ಕಾಳಿನದೋ? ಬುಧವಾರ ಬಂದವರೇ ಸೌಂದರ್ಯಾರನ್ನು ಒಂದೇ ಪ್ರಶ್ನೆ ಕೇಳಿದರು.

"ಅಕ್ಕಾರ, ಆ ಜೋಳಾ ಎಲ್ಲಿಂದ ತಗದಿದ್ದು?"

"ಹಗೇವಿಂದ ಅಂದ್ರು. ಯಾಕ?"

"ಹಂಗಾರ ನಾಳೆ ಹೋಗೂಣ್ರಿ. ಕಾಳಿನ ಮನಿಗೆ ಹೋಗದ ಕಾಳಿನ ಸುದ್ದಿ ತಿಳಿಯಂಗಿಲ್ಲ."

ಹಗೇವು ಎಂದರೆ ನೆಲದೊಳಗಿನ ಕಣಜ. ಬಾವಿಯಂತೆ ಕೊರೆದು, ಒಳಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಮೇಲೆ ಕಲ್ಲು ಮಣ್ಣು ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಗುರುವಾರ ಮೊದಲ ಬಸ್ಸಿಗೆ ಇಬ್ಬರೂ ಹೋಗಿ ಇಳಿದಾಗ ನೀಲಕಂಠಪ್ಪನವರ ಅಂಗಡಿಯ ಮುಂದೆ, ಆಗಷ್ಟೇ ಹಗೇವಿನಿಂದ ಎತ್ತಿದ ಜೋಳದ ಚೀಲಗಳು ಸಾಲಾಗಿ ನಿಂತಿದ್ದವು. ಯಂತ್ರ ಹದಿನೈದು ಪಾಯಿಂಟ್ ಒಂದು ಎಂದಿತು. ಮಾಳವ್ವ ಕಚ್ಚಿದರು. ಕಟ್.

"ನೋಡ್ರಿ," ಎಂದರು ನೀಲಕಂಠಪ್ಪ ಸೊಂಟದ ಮೇಲೆ ಕೈಯಿಟ್ಟು. "ಯಾರದು ಖರೇ? ಈ ಯವ್ವಂದೋ, ಯಂತ್ರದ್ದೋ?"

ಮಾಳವ್ವ ಬಳೆ ಮೇಲೆ ಸರಿಸಿ, ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿದರು. ಕಾವು ಕೂತ ಕೋಳಿಯ ಹೊಟ್ಟೆಯಡಿ ಕೈ ಇಟ್ಟಂತೆ ಬೆಚ್ಚಗಿತ್ತು. ಹೊರಗೆ ಮುಂಜಾನೆಯ ತಂಗಾಳಿ.

"ಯಾರದೂ ಸುಳ್ಳಲ್ರಿ ಸಾವಕಾರ್ರ. ಕಾಳು ಮ್ಯಾಲ ಬಂದೈತಿ, ನೆಲದ ಕಾವು ಇನ್ನೂ ಬಿಟ್ಟಿಲ್ಲ. ಇದಕ್ಕ ಬಿಸಲ ಬ್ಯಾಡ, ನೆಳ್ಳ ಬೇಕು."

ಬೇವಿನ ಗಿಡದ ಕೆಳಗೆ ಒಂದು ಗೋಣಿತಟ್ಟು ಹಾಸಿ ಎರಡು ಬೊಗಸೆ ಜೋಳ ಹರವಿದರು. ಯಂತ್ರವನ್ನೂ ಪಕ್ಕದಲ್ಲೇ ಇಟ್ಟರು. ಚೀಲ ತಂದ ರೈತರು, ಹಮಾಲರು ಸುತ್ತ ಕುಕ್ಕರುಗಾಲಲ್ಲಿ ಕೂತರು, ದೊಡ್ಡಾಟ ನೋಡುವ ಹಾಗೆ. ಹತ್ತು ನಿಮಿಷಕ್ಕೆ ಹದಿನಾಲ್ಕು. ಚಹಾ ಬಂತು, ಕುಡಿದರು. ಹದಿಮೂರೂವರೆ. ಒಬ್ಬ ರೈತ, "ಇನ್ನಷ್ಟ ಹೊತ್ತು ಬಿಟ್ರ ಕಾಳ ಪೂರಾ ಕಲ್ಲ ಆಕ್ಕಾವೇನ್ರಿ?" ಎಂದು ಕೇಳಿ ಎಲ್ಲರನ್ನೂ ನಗಿಸಿದ. ಅರ್ಧ ಗಂಟೆಗೆ ಹನ್ನೆರಡು ಪಾಯಿಂಟ್ ಎಂಟಕ್ಕೆ ಬಂದು ಅಂಕಿ ನಿಂತಿತು. ಮತ್ತೆ ಅರ್ಧ ಗಂಟೆ ಕಾದರೂ ಕದಲಲಿಲ್ಲ.

ಸೌಂದರ್ಯಾ ಹಣೆ ಚಚ್ಚಿಕೊಂಡರು. ಕಾಳು ಬೆಚ್ಚಗಿದ್ದರೆ ತೇವ ಹೆಚ್ಚು ಕಾಣುತ್ತದೆ ಎಂದು ಅವರಿಗೆ ಗೊತ್ತಿತ್ತು. ಅದನ್ನು ಸರಿಪಡಿಸಲೆಂದೇ ಯಂತ್ರದಲ್ಲಿ ಬಿಸಿ ಅರಿಯುವ ಮಣಿಯೊಂದನ್ನು ಇಟ್ಟಿದ್ದರು. ಆದರೆ ಮಣಿ ಇದ್ದದ್ದು ಪೆಟ್ಟಿಗೆಯ ಗೋಡೆಗೆ. "ನಾ ಇಷ್ಟ ದಿನಾ ಪೆಟ್ಟಿಗೀ ಜ್ವರಾ ನೋಡಾಕತ್ತಿದ್ದೆ ಮಾಳವ್ವಾ, ಕಾಳಿನ ಜ್ವರಾ ಅಲ್ಲ," ಎಂದರು. ತಾರಿಹಾಳಕ್ಕೆ ತಂದ ಜೋಳ ಬಸ್ಸಿನಲ್ಲೇ ತಣ್ಣಗಾಗಿರುತ್ತಿತ್ತು. ಹಾಗಾಗಿ ಶೆಡ್ಡಿನಲ್ಲಿ ತಪ್ಪು ಸಿಗಲೇ ಇಲ್ಲ.

ಶನಿವಾರದೊಳಗೆ ಮಣಿ ಬಟ್ಟಲಿನ ತಳಕ್ಕೆ ಬಂತು, ಹುಳಕ್ಕೊಂದು ಹೊಸ ಪಾಠವಾಯಿತು. ಈಗ ಬೆಚ್ಚಗಿನ ಕಾಳು ಹಾಕಿದರೆ ಯಂತ್ರ ತಕ್ಷಣ ಅಂಕಿ ಹೇಳುವುದಿಲ್ಲ. ಮೂರು ಕೆಂಪು ಚುಕ್ಕೆ ತೋರಿಸಿ ಸುಮ್ಮನೆ ಕಾಯುತ್ತದೆ. ಕಾಳೂ ಪೆಟ್ಟಿಗೆಯೂ ಒಂದೇ ಕಾವಿಗೆ ಬಂದ ಮೇಲೆಯೇ ಬಾಯಿ ಬಿಡುತ್ತದೆ. ಯಾಕೆ ಕಾಯುತ್ತದೆಂದು ಕೊಳ್ಳುವವರು ಕೇಳುವುದಿಲ್ಲ. ಬೇಗ ಹೇಳಲಿ ಎಂದು ತಲೆಯ ಮೇಲೊಂದು ಮೊಟಕುತ್ತಾರೆ, ಅಷ್ಟೇ.

ನೀಲಕಂಠಪ್ಪನವರು ಯಂತ್ರ ಹಿಂತಿರುಗಿಸಲಿಲ್ಲ, ಇನ್ನೆರಡು ಕೊಂಡರು. ಪುಣೆಯ ಪಟ್ಟಿಯೂ ಅಷ್ಟರಲ್ಲಿ ಬಂದುಬಿಟ್ಟಿತ್ತು. ಶಂಭುಲಿಂಗ ಅದನ್ನು ತಿರುವಿ ನೋಡಿ ಮೇಜಿನ ಖಾನೆಗೆ ಹಾಕಿದರು. ಮಾಳವ್ವನಿಗೆ ಹೇಳಿದ್ದು ಇಷ್ಟೇ: "ಸೋಮವಾರ ಗೋಂಜಾಳದ ಡಬ್ಬಿ ತುಂಬ್ರಿ." ಮೆಕ್ಕೆಜೋಳಕ್ಕೂ ಡಬ್ಬಿಯೇ ಎಂದಾಯಿತು. ಮಾಳವ್ವ ಹೂಂ ಎಂದರು.

ಯಂತ್ರದ ಬೆನ್ನಿಗೆ ಮಾಳವ್ವನ ಹೆಸರು ಹಾಕೋಣವೇ ಎಂದು ಸೌಂದರ್ಯಾ ಒಮ್ಮೆ ಕೇಳಿದ್ದುಂಟು. ಮಾಳವ್ವ ಎರಡೂ ಕೈ ಆಡಿಸಿದರು. "ಬ್ಯಾಡ್ರಿ ನನ್ನವ್ವಾ! ಅಂಕಿ ಜಾಸ್ತಿ ಬಂದ್ರ ರೈತರು ಬೈತಾರ, ಕಡಿಮಿ ಬಂದ್ರ ಸಾವಕಾರ್ರು ಬೈತಾರ. ಬೈಗಳಾ ಎಲ್ಲಾ ತಾರಿಹಾಳಕ್ಕ ಬರ್ತಾವ."

ಆಸೆ ಮಾತ್ರ ಒಂದಿದೆ. ಅದು ಈ ವಾರವಷ್ಟೇ ಹಲಗೆಯ ತುದಿಗೆ ಬಂದು ಕೂತಿದೆ: ಮೂರು ಹೊಸ ಡಬ್ಬಿ, ಒಳಗೆ ಬ್ಯಾಡಗಿ ಮೆಣಸಿನಕಾಯಿ. ತೂಕ ಹೆಚ್ಚಿಸಲು ನೀರು ಹೊಡೆದ ಕಾಯಿ ಯಾವುದು, ಹೊಡೆಯದ್ದು ಯಾವುದು ಎಂದು ಹೇಳುವ ಯಂತ್ರ ಇನ್ನೂ ಯಾರೂ ತನಗೆ ತೋರಿಸಿಲ್ಲ ಎನ್ನುತ್ತಾರೆ ಮಾಳವ್ವ. ಮೆಣಸಿನಕಾಯಿಗೆ ಹಲ್ಲು ನಡೆಯದು. ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಒಳಗಿನ ಬೀಜದ ಸದ್ದು ಕೇಳಿ, ಬೇರೆ ಬೇರೆ ಡಬ್ಬಿಗೆ ಹಾಕುತ್ತಾರೆ.

ಒಂಬತ್ತಕ್ಕೆ ಬಂದ ಶಂಭುಲಿಂಗ ನೋಡಿ ನಗುತ್ತಾರೆ. "ಇದು ಆಗೂ ಮಾತಲ್ಲ ಮಾಳವ್ವಾ. ಹೊಟ್ಟಿ ತುಂಬ ಗಾಳಿ ಇರೂ ಕಾಯಿ, ಬಟ್ಟಲದಾಗ ಕುಂದ್ರೂದಿಲ್ಲ. ಪುಣೇದವ್ರ ಪಟ್ಟಿ ಪೂರಾ ನೋಡೇನಿ, ಅವರೂ ಇದನ್ನ ಬಿಟ್ಟಾರ."

ಮಾಳವ್ವ ತಲೆಯೆತ್ತುವುದಿಲ್ಲ. ಡಬ್ಬಿಯ ಬಾಯಿಗೆ ಅಂಟುಪಟ್ಟಿ ಸುತ್ತಿ, ತುದಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ.

"ಅವರು ಬಿಟ್ಟಾರಂದ್ರ, ಅದು ನಮಗ ಉಳದೈತಿ ಅಂತಾತಲ್ರಿ ಮಾಲಕ್ರ."