ಎದುರುಮನೆ ಕಾಕು ಬೇಡಿದ್ದು

ಗುಜರಾತಿನ ಕೊಯಾಲಿಯ ರಿಫೈನರಿ ಟೌನ್‌ಶಿಪ್‌ನಲ್ಲಿ ನಮ್ಮ ಎದುರುಮನೆಯಲ್ಲಿದ್ದ ಧಾರವಾಡದ ಕಾಕು ದಿನಾ ಬೆಳಿಗ್ಗೆ ದೇವರ ಮುಂದೆ ಸೆರಗೊಡ್ಡಿ, "ಯುದ್ಧ ನಿಲ್ಲಸಪ್ಪಾ, ಎಲ್ಲಾರ ಮಕ್ಕಳೂ ಮನಿಗೆ ಬರಲಿ" ಎಂದು ಬೇಡುತ್ತಿದ್ದರು. ಅವರ ಒಬ್ಬನೇ ಮಗ ಯುದ್ಧ ನಡೆದಿದ್ದ ಕಡಲಲ್ಲಿ ಓಡಾಡುವ ತೈಲದ ಹಡಗಿನಲ್ಲಿ ಕೆಲಸಕ್ಕಿದ್ದ. ಒಂದು ದಿನ ಆ ಹಡಗಿಗೆ ಕ್ಷಿಪಣಿ ಬಡಿಯಿತು. ಅವನ ದೇಹವೂ ಸಿಗಲಿಲ್ಲ. ಕಾಕು ಅಳಲಿಲ್ಲ, ಬಂದವರಿಗೆಲ್ಲ ತಾವೇ ಚಹಾ ಕೊಟ್ಟರು.

ಹದಿಮೂರನೆಯ ದಿನ ಕಳೆದ ಮೇಲೆ ನಾನು ಹೋಗಿ ಅವರ ಪಕ್ಕದಲ್ಲಿ ಕೂತಿದ್ದೆ. ಕ್ಷಿಪಣಿ ಹಾರಿಸಿದವರ ಊರೊಂದು ಬಾಂಬಿಗೆ ಉರಿಯುತ್ತಿರುವುದನ್ನು ಟಿವಿಯಲ್ಲಿ ತೋರಿಸುತ್ತಿದ್ದರು.

"ಅವರಿಗೆ ಹಂಗ ಆಗಬೇಕು," ಎಂದೆ.

ಕಾಕು ಎದ್ದು ಟಿವಿ ಆರಿಸಿದರು. "ಹಂಗನಬ್ಯಾಡವಾ. ದೇವರ ಕಡೆ ನಾ ಇದನ್ನ ಬೇಡಿಲ್ಲ. ಅಲ್ಲೂ ಒಬ್ಬ ತಾಯಿ ನನ್ನಂಗ ಕುಂತಿರ್ತಾಳ."

ಹಾಗೆಂದವರೇ ನನ್ನ ಹೆಗಲಿಗೊರಗಿ, ಮಗ ಹೋದ ಮೇಲೆ ಮೊದಲ ಸಲ ಗಟ್ಟಿಯಾಗಿ ಅತ್ತರು.