ಬೆರಳಿಗೆ ಗೊತ್ತು, ಬಾಯಿಗೆ ಗೊತ್ತಿಲ್ಲ

ಬೆಳಗಿನ ಐದೂವರೆ. ಮೆಟ್ಟಿಲ ದೀಪ ಇನ್ನೂ ಆರಿಲ್ಲ. ಮೂರನೇ ಮಹಡಿಯ ಎರಡು ಕೋಣೆಗಳ ಕಚೇರಿಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಎಡಗೈಯ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದಾರೆ. ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿದೆ. ಎದುರಿಗೆ ಕುಳಿತ ತರುಣಿ ಹಾಲು ತರುವ ನೆಪ ಹೇಳಿ ಬಂದವಳು. ಗಂಡ ಏಳುವುದರೊಳಗೆ ಮನೆ ಸೇರಬೇಕು. "ನಿಧಾನಕ್ಕೆ ಹೇಳಮ್ಮ, ಈ ಕೈ ಕುಂಟ್ತಾ ಇದೆ" ಎನ್ನುತ್ತಾರೆ ಇವರು. ಅಳುತ್ತಿದ್ದ ಹುಡುಗಿ ಚೂರು ನಗುತ್ತಾಳೆ.

ಮನೆಯವರಿಂದಲೇ ಏಟು ತಿಂದ ಹೆಣ್ಣುಮಕ್ಕಳಿಗೆ ನೆರವಾಗುವ ಕೇಂದ್ರವಿದು. ಇವರು ಹತ್ತೊಂಬತ್ತು ವರ್ಷಗಳಿಂದ ಇಲ್ಲಿನ ಟೈಪಿಸ್ಟ್, ಎಲ್ಲರಿಗೂ 'ಟೈಪಕ್ಕ'. ವಾರಕ್ಕೆ ಇಬ್ಬರೋ ಮೂವರೋ ಬರುತ್ತಾರೆ. ಯಾರು, ಎಂದು, ಹೇಗೆ ಹೊಡೆದರು, ಈಗ ಎಲ್ಲಿ ಅಡಗಿದ್ದೀರಿ ಎಂಬುದೆಲ್ಲ ಇವರ ಕೈಯಿಂದಲೇ ದಾಖಲಾಗಬೇಕು. ಇದುವರೆಗಿನ ಹೇಳಿಕೆಗಳು ಎರಡು ಸಾವಿರದ ಮುನ್ನೂರ ಹದಿನಾಲ್ಕು. ಇಪ್ಪತ್ತು ನಿಮಿಷದ ಕೆಲಸಕ್ಕೆ ಈಗ ಒಂದು ಗಂಟೆ ಹಿಡಿಯುತ್ತದೆ, ಅದೂ ಎರವಲು ತಂದ ಲ್ಯಾಪ್‌ಟಾಪಿನಲ್ಲಿ. ಇವರ ಸ್ವಂತ ಕಂಪ್ಯೂಟರ್ ಮೂಲೆಯ ಮೇಜಿನ ಮೇಲೆ ಬಟ್ಟೆ ಸುತ್ತಿಸಿಕೊಂಡು, ಕೋರ್ಟಿನ ಅರಗಿನ ಮೊಹರು ಹೊತ್ತು ಕೂತಿದೆ.

ಮೊದಲು ಎಲ್ಲವೂ ಕಾಗದದಲ್ಲಿತ್ತು. ಹನ್ನೆರಡು ವರ್ಷದ ಹಿಂದೆ ವೈರಿಂಗ್ ರಿಪೇರಿಯವನ ವೇಷದಲ್ಲಿ ಬಂದ ಗಂಡನೊಬ್ಬ ಕಪಾಟು ತೆರೆದು ಹೆಂಡತಿಯ ವಿಳಾಸ ಓದಿಕೊಂಡು ಹೋದ. ಅವಳು ಬದುಕುಳಿಯಲಿಲ್ಲ. "ಕಪಾಟಿನ ಕೀ ನನ್ನ ಡ್ರಾಯರಲ್ಲೇ ಬಿಟ್ಟು ಊಟಕ್ಕೆ ಹೋಗಿದ್ದೆ. ಅದು ನಂದೇ ತಪ್ಪು" ಎನ್ನುವಾಗ ಟೈಪಕ್ಕ ಕಣ್ಣು ತಪ್ಪಿಸುವುದಿಲ್ಲ.

ಆಮೇಲೆ ಬಂದದ್ದೇ ಈ ಕಂಪ್ಯೂಟರ್. ಪಾಸ್‌ವರ್ಡ್ ಒತ್ತದ ಹೊರತು ಇದರ ಡಿಸ್ಕಿನಲ್ಲಿ ಇರುವುದೆಲ್ಲ ಯಾರಿಗೂ ಅರ್ಥವಾಗದ ಕಲಸುಮೇಲೋಗರ. ಹತ್ತು ಸಲ ತಪ್ಪು ಒತ್ತಿದರೆ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಆ ಪಾಸ್‌ವರ್ಡಿನಲ್ಲಿ ಅಕ್ಷರ, ಅಂಕಿ, ಚಿಹ್ನೆ ಸೇರಿ ನಲವತ್ತೊಂದು. ಚೀಟಿ ನೋಡಿಕೊಂಡು ಒಂದು ವಾರ ಉರು ಹೊಡೆದು, ಚೀಟಿ ಸುಟ್ಟರು. ವರ್ಷಗಳು ಕಳೆದಂತೆ ಬಾಯಿ ಅದನ್ನು ಮರೆಯಿತು, ಹತ್ತು ಬೆರಳು ನೆನಪಿಟ್ಟುಕೊಂಡವು. "ಮನೇಲಿ ಕನ್ನಡಕ ಎಲ್ಲಿಟ್ಟೆ ಅಂತ ದಿನಾ ನನ್ನನ್ನೇ ಕೇಳ್ತಾಳೆ. ಇದನ್ನ ಮಾತ್ರ ನಿದ್ದೆಗಣ್ಣಲ್ಲೂ ಒತ್ತುತ್ತಿದ್ಲು" ಎಂದು ಬಸ್ ಮೆಕ್ಯಾನಿಕ್ ಆಗಿರುವ ಪತಿ ಕೀಟಲೆ ಮಾಡುತ್ತಾರೆ.

ಈ ಮೆಟ್ಟಿಲಲ್ಲೇ ಜಾರಿ ಬಿದ್ದು ಮಣಿಕಟ್ಟು ಮುರಿದ ಮೇಲೆ ಎಡಗೈ ಒಂದರಿಂದಲೇ ಮೂರು ಸಲ ಒತ್ತಿ ನೋಡಿದರು. ಮೂರೂ ತಪ್ಪಿತು. ಅಷ್ಟಕ್ಕೇ ಕೈಬಿಟ್ಟರು. ಅದೇ ವಾರ ತನಿಖಾಧಿಕಾರಿ ಕೋರ್ಟಿನ ಆದೇಶ ಹಿಡಿದು ಬಂದು ಕಂಪ್ಯೂಟರಿಗೆ ಮೊಹರು ಹಾಕಿದರು. ಮನೆ ಬಿಟ್ಟುಹೋದ ಹೆಂಡತಿಯನ್ನು ಈ ಕೇಂದ್ರದವರೇ ಬಚ್ಚಿಟ್ಟಿದ್ದಾರೆಂದು ಒಬ್ಬ ಗಂಡ ಕೇಸು ಹಾಕಿದ್ದಾನೆ. ಅವನಿಗೆ ಬೇಕಾದದ್ದು ಒಂದು ಫೈಲು, ಆದರೆ ಪಾಸ್‌ವರ್ಡ್ ಕೊಟ್ಟರೆ ಎಲ್ಲವೂ ತೆರೆದುಕೊಳ್ಳುತ್ತವೆ. ಕೋರ್ಟು ಕೇಳಿದರೆ ಒಪ್ಪಿಸಲೇಬೇಕು, ಇಲ್ಲದಿದ್ದರೆ ಎರಡು ವರ್ಷದವರೆಗೆ ಜೈಲು ಎನ್ನುತ್ತದೆ ಕಾನೂನು.

ಕಟಕಟೆಯಲ್ಲಿ ನಿಂತಾಗ ನ್ಯಾಯಾಧೀಶರು, "ಪಾಸ್‌ವರ್ಡ್ ಹೇಳಿ" ಎಂದರು.

"ಬಾಯಿಗೆ ಬರೋದಿಲ್ಲ ಸ್ವಾಮಿ. ಬೆರಳಿಗೆ ಬರುತ್ತೆ."

ಕೋರ್ಟಿನಲ್ಲಿ ನಗೆ ಎದ್ದಿತು. ನ್ಯಾಯಾಧೀಶರು ನಗಲಿಲ್ಲ. ಪ್ಲಾಸ್ಟರ್ ತೆಗೆದ ಮರುದಿನ ಕಂಪ್ಯೂಟರನ್ನು ಕೋರ್ಟಿಗೇ ತರಿಸಿ ಎಲ್ಲರೆದುರು ಒತ್ತಿಸುವಂತೆ ಆದೇಶಿಸಿದರು. ಪ್ಲಾಸ್ಟರ್ ತೆಗೆಯುವುದು ಬರುವ ಬುಧವಾರ.

ಕೇಂದ್ರದ ವಕೀಲರು ತಲೆ ಹಣ್ಣಾದವರು, ಇವರ ಮೇಲೆ ಮಮತೆ ಇರುವವರು. ಅವರು ತೋರಿಸಿದ ದಾರಿ ಸುಲಭದ್ದು: ಇನ್ನು ಏಳೇ ಏಳು ಸಲ ತಪ್ಪು ಒತ್ತಿಬಿಡಿ, ಈಗಷ್ಟೇ ಕೂಡಿಕೊಂಡ ಕೈ ಎಂದರೆ ಯಾರೂ ಸಂಶಯಪಡುವುದಿಲ್ಲ. ಟೈಪಕ್ಕ ಎರಡು ರಾತ್ರಿ ಯೋಚಿಸಿದರು. "ಅಳಿಸಿಬಿಟ್ರೆ ಅವನಿಗೆ ವಿಳಾಸ ಸಿಗಲ್ಲ, ಸರಿ. ಆದ್ರೆ ಮಕ್ಕಳು ತಮಗೆ ಬೇಕು ಅಂತ ಕೇಸು ನಡೆಸ್ತಿರೋ ಹೆಣ್ಣುಮಕ್ಕಳಿದಾರೆ. ಅವರ ಗಾಯದ ಫೋಟೋ, ತಾರೀಖು ಎಲ್ಲಾ ಅದ್ರಲ್ಲೇ ಇರೋದು. ಒಬ್ಬಳನ್ನ ಉಳಿಸೋಕೆ ಉಳಿದವರ ಸಾಕ್ಷಿ ಸುಡಲಾ?" ಎಂದು ಕೇಳುತ್ತಾರೆ.

ನರ್ಸ್ ಆಗಿರುವ ಮಗಳಿಗೆ ಇನ್ನೂ ಸಿಟ್ಟು ಇಳಿದಿಲ್ಲ. "ಊರವರ ಸಂಸಾರಕ್ಕೆ ನೀನ್ಯಾಕಮ್ಮ ಜೈಲಿಗೆ ಹೋಗ್ಬೇಕು? ಮರೆತುಹೋಯ್ತು ಅಂದ್ಬಿಡು" ಎಂದು ಫೋನಿನಲ್ಲಿ ಅತ್ತಳಂತೆ. ತಾಯಿ ಒಪ್ಪಲಿಲ್ಲ. "ಹೆದರಿಕೆ ಇಲ್ಲ ಅಂತಲ್ಲ. ಆದ್ರೆ ನೆನಪಿದೆ, ಕೊಡೋದಿಲ್ಲ ಅಂತ ನ್ಯಾಯಾಧೀಶರ ಮುಖ ನೋಡೇ ಹೇಳ್ತೀನಿ. ಈ ಹೆಣ್ಣುಮಕ್ಕಳು ನನ್ನ ಹತ್ರ ಸುಳ್ಳು ಹೇಳಿಲ್ಲ, ನಾನು ಅವರ ವಿಷಯದಲ್ಲಿ ಸುಳ್ಳು ಹೇಳಲ್ಲ."

ಆರೂಕಾಲಿಗೆ ಹುಡುಗಿ ಎದ್ದು ಹೊರಡುತ್ತಾಳೆ. ಹಾಲಿನ ಪಾತ್ರೆ ಮರೆಯದಂತೆ ಟೈಪಕ್ಕನೇ ಕೈಗಿತ್ತು, ಬಾಗಿಲವರೆಗೆ ಹೋಗಿ, ಬೀದಿಯಲ್ಲಿ ಯಾರೂ ಇಲ್ಲವೆಂದು ನೋಡಿ ಕಳಿಸುತ್ತಾರೆ. ಏನಾದರೂ ಆಸೆ ಇದೆಯೇ ಎಂದು ನಾನು ಕೇಳಿದರೆ ಪ್ಲಾಸ್ಟರಿನಿಂದ ಹೊರಗೆ ಇಣುಕುವ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚುತ್ತಾರೆ.

"ಎರಡು ವರ್ಷದಲ್ಲಿ ಇವು ಮರೀಬಾರದು, ಅಷ್ಟೇ. ಜೈಲಲ್ಲಿ ಒಂದು ಹಲಗೆ ಕೊಟ್ರೆ ಸಾಕು, ಅದ್ರ ಮೇಲೇ ದಿನಾ ಒತ್ತಿ ಅಭ್ಯಾಸ ಇಟ್ಕೋತೀನಿ. ಬಂದ್ಮೇಲೆ ಅವರ ಫೈಲು ತೆಗಿಯೋಕೆ ನನ್ನ ಬಿಟ್ಟು ಇನ್ಯಾರಿದಾರೆ?"