ಕೆಂಚಕ್ಕ ಒಲ್ಲೆನೆಂದ ಬಾಗಿಲ ಕಟ್ಟೆ

ನಮ್ಮ ಕೊಟ್ಟೂರಿನ ಹಳೇ ಸಂತೆ ಬಯಲಲ್ಲಿ ಹುಣಸೆಹಣ್ಣು ಮಾರುವ ಕೆಂಚಕ್ಕನ ಬಾಯಿಗೆ ಹೆದರದವರಿಲ್ಲ. ಪಕ್ಕದಲ್ಲೇ ಚಹಾ ಅಂಗಡಿ ಇಟ್ಟುಕೊಂಡ ನಾನೂ ಹೆದರುತ್ತೇನೆ. ಮಾಗಳದಿಂದ ಸೊಸೆಯಾಗಿ ಬಂದಾಗ ಅತ್ತೆ ಅವಳಿಗೆ ಕೊಟ್ಟ ಆಸ್ತಿಯೆಂದರೆ ಬೇವಿನ ಬುಡದಲ್ಲಿ ಬುಟ್ಟಿ ಇಡುವಷ್ಟು ಜಾಗ. ಸಂತೆಯಲ್ಲಿ ಜಾಗಕ್ಕೆ ಕಾಗದಪತ್ರ ಇರಲಿಲ್ಲ. ಒಂದು ಕಲ್ಲಿಟ್ಟು ಹೋದರೆ ಮುಂದಿನ ವಾರದವರೆಗೆ ಯಾರೂ ಮುಟ್ಟುತ್ತಿರಲಿಲ್ಲ.

ಹೋದ ವರ್ಷ ಪಟ್ಟಣ ಪಂಚಾಯಿತಿಯವರು ಸಂತೆಯನ್ನು ಚೆಂದ ಮಾಡುತ್ತೇವೆ ಎಂದು ಬಂದರು. ಮಾಡಿದರು, ಸುಳ್ಳು ಯಾಕೆ ಹೇಳಲಿ? ಬೇವಿನ ಮರ ಉಳಿಸಿದರು. ತಗಡಿನ ನೆರಳು, ಸಿಮೆಂಟಿನ ಕಟ್ಟೆ, ನಲ್ಲಿ ನೀರು ಎಲ್ಲಾ ಬಂತು. ಆದರೆ ಆ ಕಲ್ಲುಗಳನ್ನೆಲ್ಲ ಟ್ರ್ಯಾಕ್ಟರಿಗೆ ತುಂಬಿ ಒಯ್ದು, ಕಟ್ಟೆಗಳನ್ನು ಚೀಟಿ ಎತ್ತಿ ಹಂಚಿದರು. ಉಪಕಾರ ಮಾಡಿ ಹೊಟ್ಟೆಗೆ ಹೊಡೆಯುವುದೆಂದರೆ ಇದೇ ನೋಡಿ. ಈಗ ನೆನೆದರೂ ನನಗೆ ಮೈ ಉರಿಯುತ್ತದೆ.

ಕೆಂಚಕ್ಕನಿಗೆ ಸಂತೆ ಬಾಗಿಲ ಬಳಿಯ ಮೊದಲ ಕಟ್ಟೆ ಬಂತು. ಅಲ್ಲಿ ಮೊದಲಿನಿಂದ ಕೂರುತ್ತಿದ್ದವನು ಬೀಗ, ಕೊಡೆ ರಿಪೇರಿಯ ಅಹಮದಸಾಬ. ಜನ ಸಂತೆಗೆ ಬರುವಾಗ ಕೆಟ್ಟ ಬೀಗ ಅವನ ಕೈಗಿತ್ತು, ಹೋಗುವಾಗ ಇಸಕೊಳ್ಳುತ್ತಿದ್ದರು. ಈಗ ಅವನಿಗೆ ಸಿಕ್ಕಿದ್ದು ಮೀನಿನವರ ಆಚೆ, ಕಟ್ಟಕಡೆಯ ಕಟ್ಟೆ. ಬೀಗ ಹಿಡಿದುಕೊಂಡು ಅಲ್ಲಿವರೆಗೆ ಯಾರು ಹೋಗುತ್ತಾರೆ?

"ಅತ್ತಿ, ಬಾಗಿಲಿಗೆ ಬಂದ ಲಕ್ಷ್ಮೀನ ಒದಿಬ್ಯಾಡ್ರಿ," ಎಂದಳು ಸೊಸೆ ಶಿವಗಂಗಾ.

"ಆತನ ಹೊಟ್ಟಿ ಮ್ಯಾಲ ಕಾಲಿಟ್ಟು ಬರೂ ಲಕ್ಷ್ಮಿ ನನಗ ಬ್ಯಾಡ," ಎಂದಳು ಕೆಂಚಕ್ಕ.

ಮೊದಲ ಸಂತೆಯ ದಿನ ಅವಳೇ ಅಹಮದಸಾಬನ ಪೆಟ್ಟಿಗೆ ಹೊತ್ತು ತಂದು ಬಾಗಿಲ ಕಟ್ಟೆಯ ಮೇಲಿಟ್ಟಳು.

"ಬ್ಯಾಡ ತಂಗಿ, ನನ್ನ ಸಲುವಾಗಿ ಯಾಕ ಜಗಳ?" ಎಂದ ಅವನು.

"ಸುಮ್ನ ಕುಂದ್ರಣ್ಣ," ಎಂದು ಗದರಿ, ತನ್ನ ಬುಟ್ಟಿ ಎತ್ತಿಕೊಂಡು ಮೀನಿನವರ ಕಡೆ ಹೊರಟಳು.

ಸಂತೆ ನೋಡಿಕೊಳ್ಳಲು ಬಂದಿದ್ದ ಸಾಹೇಬರು ಅಡ್ಡ ನಿಂತರು. "ನಂಬರ್ ಬದಲಾಯಿಸೋ ಹಾಗಿಲ್ಲ. ಇಬ್ಬರ ಕಟ್ಟೆನೂ ರದ್ದು ಮಾಡ್ತೀನಿ."

"ಮಾಡ್ರಿ," ಎಂದಳು ಕೆಂಚಕ್ಕ. "ಕಟ್ಟಿ ನಿಮ್ದಿರಬಹುದು, ಸಂತಿ ನಮ್ದು. ನಾವು ಎದ್ದು ಹೋದ್ರ ಇದರ ಮ್ಯಾಲ ನಾಯಿ ಮಲಗ್ತಾವ ನೋಡ್ರಿ."

ಚೀಟಿಯಲ್ಲಿ ಬೇವಿನ ಬುಡದ ಕಟ್ಟೆ ಪಡೆದಿದ್ದ ಎರ್ರೆಮ್ಮ ತನ್ನ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದಳು. "ಕೆಂಚಕ್ಕ, ಇದು ನಿಂದು. ಬಾ, ಕುಂದ್ರು," ಎಂದಳು. ಅವಳ ಬೆನ್ನಿಗೇ ಮೆಣಸಿನಕಾಯಿಯವರು ಎದ್ದರು, ಬಳೆಯವರು ಎದ್ದರು. ನೋಡುನೋಡುತ್ತ ಇಡೀ ಸಂತೆ ಬುಟ್ಟಿ ಹೊತ್ತು ನಿಂತಿತು. ನನ್ನ ಎದೆ ಉಬ್ಬಿತು. ಒಲೆ ಆರಿಸಿ ನಾನೂ ಹೊರಗೆ ಬಂದು ನಿಂತೆ.

ಸಾಹೇಬರು ಕೈಯಲ್ಲಿದ್ದ ಹಾಳೆ ನೋಡಿದರು, ನಮ್ಮನ್ನು ನೋಡಿದರು.

"ಕೂತ್ಕೊಳ್ಳಿ," ಎಂದರು.

ಎಲ್ಲಿ ಅಂತ ಹೇಳಲಿಲ್ಲ.